ಮುಳುಗುತ್ತಿರುವ ಗ್ರಹಕ್ಕೂ ನೆರವಿನ ಕೈ ಚಾಚಬಾರದಾ?

ಸುರತ್ಕಲ್ ಹುಡುಗ: ಸ್ಟಾರ್ ಟ್ರೆಕ್ ಅನ್ನೋ ಬಾಹ್ಯಾಕಾಶದ ಟಿವಿ ಸರಣಿಯಲ್ಲಿ ಪ್ರೈಮ್ ಡೈರೆಕ್ಟಿವ್ ಅಂತ ನಿಯಮ ಇದೆಯಲ್ಲ, ತಂತ್ರಜ್ಞಾನದಲ್ಲಿ ಹಿಂದಿರುವ ಜನರ ತಂಟೆಗೆ ಹೋಗಬಾರದು ಅಂತ. 1994ರ 'ಹೋಮ್‌ವರ್ಡ್' ಕಂತಿನಲ್ಲಿ ಒಂದು ಗ್ರಹದ ವಾತಾವರಣವೇ ಹಾಳಾಗುತ್ತಿದ್ರೂ ಬಾಹ್ಯಾಕಾಶ ಹಡಗಿನ ಕ್ಯಾಪ್ಟನ್ ಪಿಕಾರ್ಡ್ ಸುಮ್ನೆ ನೋಡುತ್ತಾನೆ. ಇದು ನೀತಿಯಾ?

ಮಲ್ಪೆ ಅಕ್ಕ: ಸಾಯುವವರನ್ನು ನೋಡ್ತಾ ನಿಲ್ಲೋದಕ್ಕೆ ನಿಯಮ ಬೇರೆ ಕೇಡು! ಆ ಕಂತಿನಲ್ಲಿ ಗ್ರಹದ ಜನರನ್ನು ಗಮನಿಸಲು ಹೋಗಿದ್ದ ನಿಕೊಲಾಯ್ ಕದ್ದುಮುಚ್ಚಿ ಒಂದು ಊರಿನ ಜನರನ್ನೇ ಹಡಗಿಗೆ ತಂದದ್ದೇ ಸರಿ.

ಬಲ್ಮಠದವ: ಅಷ್ಟು ಸಲೀಸಲ್ಲ ಅಕ್ಕ. 1834ರಲ್ಲಿ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆಯವರು ಮಂಗಳೂರಿಗೆ ಬಂದದ್ದು ಮತ ಹರಡಲು. 1843ರಲ್ಲಿ 'ಮಂಗಳೂರು ಸಮಾಚಾರ' ಪತ್ರಿಕೆ, ಆಮೇಲೆ ಹೆಂಚಿನ ಕಾರ್ಖಾನೆ, ಎಲ್ಲಾ ಅವರಿಂದಲೇ, ಲಾಭ ಆಯ್ತು ನಿಜ, ಆದ್ರೆ ನಮಗೇನು ಬೇಕು ಅಂತ ಮೊದಲು ಕೇಳಿದ್ರಾ?

ಸುರತ್ಕಲ್ ಹುಡುಗ: ಹೊರಗಿನವರ ಸಂಪರ್ಕವೇ ಬೇಡ ಅನ್ನೋ ಬುಡಕಟ್ಟು ಇರುವ ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಯಾರೂ ಹೋಗಬಾರದು ಅನ್ನೋದನ್ನು ಒಪ್ಪುತ್ತೇನೆ, ಹೊರಗಿನ ರೋಗ ತಗಲಿದರೆ ಅವರು ಉಳಿಯಲಿಕ್ಕಿಲ್ಲ. ಆದ್ರೆ ಆ ಗ್ರಹದಲ್ಲಿ ಗಾಳಿಯೇ ಇಲ್ಲವಾಗುವಾಗ ಯಾವ ರೋಗದ ಭಯ ಮಾರಾಯ್ರೇ?