ಡ್ರ್ಯಾಗನ್‌ಗೆ ‘ಘಟಸರ್ಪ’ ಅನ್ನಬಹುದೇ? ಮತ್ತೆ, ಯಾಳಿ ಏನು ಮಾಡುತ್ತದೆ?

ಬಳಗದ ಎಲ್ಲರಿಗೂ ಶರಣು.

ಗಂಗಾವತಿಯಿಂದ ಬರೆಯುತ್ತಿದ್ದೇನೆ. ಆನೆಗೊಂದಿಯಂಥ ಬಂಡೆಗುಡ್ಡಗಳು, ನಡುವೆ ಒಂದು ಹೊಳೆ, ಅರಸರಿಲ್ಲದ ಹಾಳು ಕೋಟೆ, ಇಷ್ಟು ಇಟ್ಟುಕೊಂಡು ಮಕ್ಕಳಿಗಾಗಿ ಒಂದು ಫ್ಯಾಂಟಸಿ ಕಾದಂಬರಿ ಶುರುಮಾಡಿದ್ದೇನೆ. ಆ ಸೀಮೆಯೊಳಗೆ ಯಾವ್ಯಾವ ಪ್ರಾಣಿಗೆ ಜಾಗ ಕೊಡಬೇಕು ಎಂಬಲ್ಲಿ ಬಂಡಿ ನಿಂತಿದೆ. ನನ್ನ ಮೊದಲ ಓದುಗಿ ಅಕ್ಕನ ಮಗಳು, ಎಂಟನೇ ಕ್ಲಾಸು. “ಮಾಮಾ, ಡ್ರ್ಯಾಗನ್ ಇರಬೇಕ ನೋಡು” ಎಂದು ಹಟ ಹಿಡಿದಿದ್ದಾಳೆ. ಅದಕ್ಕೆ ಕನ್ನಡದಲ್ಲಿ ಏನನ್ನಬೇಕು ಎಂದು ಹುಡುಕಿದರೆ ಸಿಗುವುದು ‘ಘಟಸರ್ಪ’.

ನನಗೆ ಈ ಪದ ಒಗ್ಗುತ್ತಿಲ್ಲ. ಘಟ ಎಂದರೆ ಗಡಿಗೆ. ಹಾವಿಟ್ಟ ಗಡಿಗೆಯೊಳಗೆ ಕೈಹಾಕಿ, ತಾನು ತಪ್ಪು ಮಾಡಿಲ್ಲವೆಂದು ತೋರಿಸಿಕೊಡುವ ‘ದಿವ್ಯ’ವೊಂದಿತ್ತು. ಬಸವಣ್ಣನವರ ವಚನದಲ್ಲಿ ಭಕ್ತಿಯನ್ನು ಮೊದಲು ಗರಗಸಕ್ಕೆ ಹೋಲಿಸಿ, ಆಮೇಲೆ “ಘಟಸರ್ಪನಲ್ಲಿ ಕೈದುಡುಕಿದಡೆ” ಎಂದು ಬರುವುದು ಇದೇ ಹಾವು. ಇನ್ನು ಮರಾಠಿಯವರಿಗೆ ಘಟಸರ್ಪ ಎಂದರೆ ಗಂಟಲುಮಾರಿ, ಡಿಫ್ತೀರಿಯಾ. ಗಡಿಗೆಯಲ್ಲಿ ಸುರುಳಿ ಸುತ್ತಿಕೊಂಡಿದ್ದ ಹಾವಿಗೆ ರೆಕ್ಕೆ ಕಟ್ಟಿ, ಬಾಯಲ್ಲಿ ಬೆಂಕಿ ಇಟ್ಟವರು ಯಾರು? ಡ್ರ್ಯಾಗನ್ ಎಂಬ ಅರ್ಥದ ಹಳೆಯ ಬಳಕೆ ಯಾರ ಕಣ್ಣಿಗಾದರೂ ಬಿದ್ದಿದ್ದರೆ ದಯವಿಟ್ಟು ತಿಳಿಸಿ.

ಇದೇ ಗೊಂದಲದಲ್ಲಿದ್ದಾಗ ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದ ಅವ್ವನನ್ನು ಕೇಳಿದೆ. ಅವಳ ಪಟ್ಟಿ ಹಿಟ್ಟು ತಟ್ಟುತ್ತಲೇ ಬಂತು: “ದೆವ್ವ ಬಡೀತೈತಿ. ಗಾಳಿ ಸೋಕತೈತಿ. ಜಕ್ಕಣಿ ಕಾಡ್ತಾಳ. ದೇವ್ರು ಮೈಮ್ಯಾಲ ಬರತೈತಿ.” ಹುಡುಗಿ ನಡುವೆ ಬಾಯಿ ಹಾಕಿದಳು: “ಡ್ರ್ಯಾಗನ್ ಏನ್ ಮಾಡತೈತಿ, ಅಮ್ಮಾ?” ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, “ಯಾರ ಮನೀದವ್ವಾ ಅದು?” ಎಂದಳು.

ನನಗೆ ಹೊಳೆದದ್ದು ಆಗ. ಅವ್ವ ಹೆಸರು ಹೇಳುತ್ತಿರಲಿಲ್ಲ, ಒಂದೊಂದಕ್ಕೂ ಅದರದೇ ಕ್ರಿಯಾಪದ ಕೂಡಿಸಿ ಹೇಳುತ್ತಿದ್ದಳು. ಗಾಳಿ ಬಡಿಯಿತು ಎಂದರೆ ಅದು ಬರೀ ಬೀಸುಗಾಳಿಯೂ ಆದೀತು, ಸೋಕಿತು ಎಂದ ಕೂಡಲೇ ಮಾತು ಬೇರೆ. ಹೀಗಾಗಿ ಒಂದು ಕಟ್ಟಳೆ ಹಾಕಿಕೊಂಡಿದ್ದೇನೆ: ಜನರ ಬಾಯಲ್ಲಿ ತನ್ನದೇ ಕ್ರಿಯಾಪದ ಇರುವ ಪ್ರಾಣಿಗೆ ಮಾತ್ರ ನನ್ನ ಸೀಮೆಯಲ್ಲಿ ಪ್ರವೇಶ. ಡ್ರ್ಯಾಗನ್‌ಗೆ ಇರುವುದು ‘ಬೆಂಕಿ ಉಗುಳು’. ಅದು ಎರವಲು ತಂದದ್ದು, ನಮ್ಮ ಕಡೆ ಉಗುಳುವುದು ಎಲೆಅಡಿಕೆಯನ್ನು. ಒಂಟಿಕೊಂಬಿನ ಕುದುರೆಯಂತೂ ದೂರವೇ ಉಳಿಯಿತು. ‘ಮೊಲದ ಕೊಂಬು’ ಎಂದರೆ ಇಲ್ಲದ್ದು ಎಂದು ಅರ್ಥ ಮಾಡುವ ಭಾಷೆಯಲ್ಲಿ ಕುದುರೆಗೆ ಕೊಂಬು ಹಚ್ಚಿದರೆ ಓದುವವರು ನಕ್ಕಾರು.

ಈ ಕಟ್ಟಳೆಯಲ್ಲಿ ಸಲೀಸಾಗಿ ಒಳಬಂದದ್ದು ಕೀರ್ತಿಮುಖ. ನಮ್ಮ ಜಿಲ್ಲೆಯ ಇಟಗಿಯಲ್ಲಿ, ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿಯ ಮೇಲೆ ಈ ಮುಖ ಕಣ್ಣರಳಿಸಿ ಕೂತಿದೆ. ಕಥೆ ನಿಮಗೆ ಗೊತ್ತಿದ್ದದ್ದೇ. ಅಸುರ ಜಲಂಧರನ ದೂತನಾಗಿ ಬಂದ ರಾಹುವನ್ನು ತಿನ್ನಲು ಶಿವ ಹಸಿದ ಜೀವವೊಂದನ್ನು ಹುಟ್ಟಿಸುತ್ತಾನೆ. ರಾಹು ಶರಣು ಬೀಳುತ್ತಾನೆ. ಹಸಿವು ಮಾತ್ರ ಹಾಗೇ ಉಳಿಯುತ್ತದೆ. “ನಿನ್ನನ್ನೇ ತಿನ್ನು” ಎಂದು ಶಿವ ಹೇಳಿದಾಗ ಅದು ಬಾಲದಿಂದ ಶುರುಮಾಡಿ ಮುಖವೊಂದು ಉಳಿಯುವವರೆಗೆ ತಿನ್ನುತ್ತದೆ. ತನ್ನನ್ನು ತಾನೇ ತಿನ್ನುವ ಕೆಲಸ ಬೇರೆ ಯಾವ ಪ್ರಾಣಿಗಿದೆ! ಅದಕ್ಕೊಂದು ಇಡೀ ಅಧ್ಯಾಯ ಕೊಟ್ಟಿದ್ದೇನೆ.

ಗಂಡಭೇರುಂಡದ್ದು ಬೇರೆಯೇ ತೊಡಕು. ಬಳ್ಳಿಗಾವೆಯ 1047ರ ಕಂಬದ ಮೇಲೆ, ಅಚ್ಯುತರಾಯನ ನಾಣ್ಯದ ಮೇಲೆ, ಇಂದು ರಾಜ್ಯದ ಲಾಂಛನದಲ್ಲಿ ಎಲ್ಲ ಕಡೆ ಇದೆ. ಆದರೆ ನನ್ನ ಕಥೆಯ ಹಕ್ಕಿ ಮೊಟ್ಟೆ ಇಡಬೇಕು. ಇಲ್ಲಿನ ‘ಗಂಡ’ ಎಂದರೆ ಶೂರ, ಗಂಡು ಹೆಣ್ಣಿನ ಮಾತಲ್ಲ ಎಂದು ವಿವರಿಸಿದರೂ ಹುಡುಗಿ ಒಪ್ಪಲಿಲ್ಲ. “ಹಂಗಾರ ಹೆಣ್ಣಭೇರುಂಡ ಅಂತ ಬರಿ.” ಸದ್ಯಕ್ಕೆ ಬರೀ ‘ಭೇರುಂಡ’ ಎಂದು ಬರೆದುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯ ದಾರಿ ಇದ್ದರೆ ಹೇಳಿ.

ನಿಜವಾಗಿ ಕಾಡುತ್ತಿರುವುದು ಯಾಳಿ, ಗುಡಿಯ ಕಲ್ಲಿನಲ್ಲಿ ಕೆತ್ತುವ, ಸಿಂಹದ ಮೈಯ, ಕೆಲವೊಮ್ಮೆ ಆನೆಯ ಸೊಂಡಿಲೂ ಇರುವ ಪ್ರಾಣಿ. ಹೊಳೆ ದಾಟಿದರೆ ಹಂಪಿ. ವಿಠ್ಠಲ ಗುಡಿಯ ಕಂಬ ಕಂಬದಲ್ಲೂ ಹಿಂಗಾಲ ಮೇಲೆ ನಿಂತ ಯಾಳಿ, ಬೆನ್ನ ಮೇಲೆ ಸವಾರ. ಚಿಕ್ಕಂದಿನಿಂದ ನೋಡಿದ ಪ್ರಾಣಿ, ಮನೆಯ ನಾಯಿಯಷ್ಟು ಗುರುತು. ಆದರೂ ಅದರ ಬಗ್ಗೆ ಒಂದು ಗಾದೆಯಾಗಲಿ, ಬೈಗುಳವಾಗಲಿ, ಮಕ್ಕಳನ್ನು ಹೆದರಿಸುವ ಮಾತಾಗಲಿ ನನ್ನ ಕಿವಿಗೆ ಬಿದ್ದಿಲ್ಲ. ‘ವ್ಯಾಳ’ ಎಂದು ಬರೆಯೋಣವೆಂದರೆ ಅದಕ್ಕೆ ಹಾವು, ಪುಂಡಾನೆ ಎಂಬ ಅರ್ಥಗಳೂ ಇವೆ. ಹಾಗಾದರೆ ಮತ್ತೆ ಘಟಸರ್ಪದ ಕೇರಿಗೇ ಬಂದಂತಾಯಿತು.

ನನ್ನ ಕೇಳಿಕೆ ಇಷ್ಟು: ನಿಮ್ಮ ಕಡೆ ಯಾಳಿ ಏನು ಮಾಡುತ್ತದೆ? ಗರ್ಜಿಸುತ್ತದೆಯೋ, ಘೀಳಿಡುತ್ತದೆಯೋ, ಬೆನ್ನು ಹತ್ತುತ್ತದೆಯೋ, ಕಾಯುತ್ತದೆಯೋ? ಕಲ್ಲುಕೆಲಸದ ಮನೆತನದವರು, ತೇರು ಕೆತ್ತುವವರು ಆಡುವ ಮಾತಿದ್ದರೆ ಇನ್ನೂ ಒಳ್ಳೆಯದು. ಉತ್ತರ ಸಿಗುವವರೆಗೆ ಮೂರನೇ ಅಧ್ಯಾಯದಲ್ಲಿ ಅದು ಕಂಬದಿಂದ ಕೆಳಗಿಳಿಯುವಂತಿಲ್ಲ.