ಮರ ಹತ್ತುವ ಕೆಲಸಕ್ಕೆ ಇಳಿಯಬೇಕೆಂದಿದ್ದೇನೆ, ಪಳಗಿದವರು ಹೇಳಿ

ವಯಸ್ಸು ಇಪ್ಪತ್ತಾರು. ನಾಲ್ಕು ವರ್ಷ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ಮಾಡಿದ್ದಾಯ್ತು, ಇನ್ನು ಆಗಲ್ಲ. ಹೋದ ತಿಂಗಳು ನಮ್ಮ ಕಟ್ಟಡದ ಪಕ್ಕದ ದೊಡ್ಡ ಮರವನ್ನು ಇಬ್ಬರು ಹಗ್ಗಕ್ಕೆ ಜೋತುಬಿದ್ದು ತುಂಡು ತುಂಡಾಗಿ ಇಳಿಸಿದ್ದು ನೋಡಿದೆ. ಒಂದೇ ಒಂದು ಕಿಟಕಿ ಗಾಜು ಒಡೆಯಲಿಲ್ಲ. ಅವತ್ತಿನಿಂದ ತಲೆಯಲ್ಲಿ ಅದೇ ಕೂತಿದೆ. ಎತ್ತರದ ಭಯ ಇಲ್ಲ, ಮೈಯಲ್ಲಿ ಕಸುವಿದೆ. ಎಲ್ಲಿಂದ ಶುರು ಮಾಡಲಿ? ಚೈನ್‌ಸಾ ಈಗಲೇ ಕೊಂಡುಬಿಡಲಾ? ಮೈ ಎಷ್ಟು ವರ್ಷ ತಡೆಯುತ್ತೆ? ಮನೆಯಲ್ಲಿ "ಕೂತ ಕೊಂಬೆ ಕಡಿಯೋಕೆ ಹೊರಟಿದ್ದಾನೆ" ಅಂತ ಆಡಿಕೊಳ್ಳುತ್ತಿದ್ದಾರೆ. ಇದ್ದದ್ದು ಇದ್ದ ಹಾಗೆ ಹೇಳಿ.

ಹತ್ತೊಂಬತ್ತು ವರ್ಷದಿಂದ ಹತ್ತುತ್ತಿರುವವರು:

ತಮ್ಮಾ, ಎತ್ತರದ ಭಯ ಇಲ್ಲ ಅಂದೆಯಲ್ಲ, ನನಗೆ ಅದೇ ಭಯ. ಸ್ವಲ್ಪ ಇಟ್ಟುಕೋ, ಗಂಟು ಇನ್ನೊಂದು ಸಲ ನೋಡಿಸುವುದು ಅದೇ.

ಚೈನ್‌ಸಾ ಕೊಳ್ಳಬೇಡ. ಮೊದಲ ವರ್ಷ ನಿನ್ನ ಕೆಲಸ ನೆಲದ ಮೇಲೆ. ಕೊಂಬೆ ಎಳೆಯೋದು, ಹಗ್ಗ ಹಿಡಿಯೋದು, ಗುಡಿಸೋದು. ಬೇಜಾರಾಗುತ್ತೆ, ಆಗಲಿ. ನನಗೆ ಕೆಲಸ ಕಲಿಸಿದ ಯಜಮಾನರು ಒಂದು ಅಭ್ಯಾಸ ಹಾಕಿಸಿದ್ದರು. ಮರದ ಹತ್ತಿರ ಹೋದ ಕೂಡಲೇ ಸಾಮಾನು ಇಳಿಸುವ ಹಾಗಿಲ್ಲ. ಕೈಕಟ್ಟಿಕೊಂಡು ಒಂದು ಸುತ್ತು ಬರಬೇಕು. ಬುಡದಲ್ಲಿ ಅಣಬೆ ಎದ್ದಿದೆಯಾ, ಒಂದು ಕಡೆ ಮಣ್ಣು ಬಿರುಕು ಬಿಟ್ಟು ಉಬ್ಬಿದೆಯಾ, ಯಾರಾದರೂ ಪೈಪ್ ಹಾಕೋಕೆ ಅಂತ ಅಗೆದು ಬೇರು ಕಡಿದಿದ್ದಾರಾ (ಬೇರಿನ ಬಹುಪಾಲು ಮೇಲಿನ ಒಂದು ಮೀಟರ್ ಮಣ್ಣಿನೊಳಗೇ ಇರುತ್ತೆ), ಮುರಿದ ಕೊಂಬೆ ಮೇಲೆಲ್ಲಾದರೂ ಸಿಕ್ಕಿಕೊಂಡಿದೆಯಾ, ಜೇನೋ ಕಣಜವೋ ಕಟ್ಟಿದೆಯಾ, ಕರೆಂಟ್ ತಂತಿ ಎಷ್ಟು ದೂರ. ಆಮೇಲೆ ಸುತ್ತಿಗೆಯಿಂದ ಬುಡ ಬಡಿದು ಕಿವಿಗೊಡಬೇಕು. ಗಟ್ಟಿ ಮರ ಟಕ್ ಅನ್ನುತ್ತೆ, ಪೊಟರೆ ಬಿದ್ದದ್ದು ಡಬ್ ಅನ್ನುತ್ತೆ.

ಎಂಟನೇ ವರ್ಷವೋ ಏನೋ, ಕೈ ಪಳಗಿದೆ ಅನ್ನೋ ಧಿಮಾಕಿನಲ್ಲಿ ಒಂದು ದಿನ ಆ ಸುತ್ತು ಹಾಕದೆ ಹತ್ತಿಬಿಟ್ಟೆ. ಬುಡಕ್ಕೆ ದಟ್ಟವಾಗಿ ಬಳ್ಳಿ ಹಬ್ಬಿತ್ತು. ಹತ್ತು ಮೀಟರ್ ಮೇಲೆ ಹೋಗಿ ಮೈಭಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಕಿದೆ ನೋಡು, ಮರ ತೂಗಿದ ರೀತಿಯೇ ಬೇರೆ. ಸಾಮಾನ್ಯವಾಗಿ ತುದಿ ಓಲಾಡುತ್ತೆ. ಇದು ಬುಡದಿಂದ ಅಲುಗಿತು. ಉಸಿರು ಬಿಗಿಹಿಡಿದು ಇಳಿದೆ. ಬಳ್ಳಿ ಕಿತ್ತು ನೋಡಿದರೆ ತಟ್ಟೆಯಗಲದ ಮೂರು ಅಣಬೆ, ಒಂದರ ಮೇಲೊಂದು. ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೂ ಒಳಗೆ ಹೋಯಿತು. ಆ ಮರವನ್ನು ಆಮೇಲೆ ಯಂತ್ರದ ತೊಟ್ಟಿಲಲ್ಲಿ ನಿಂತು ಇಳಿಸಿದೆವು, ಮರಕ್ಕೆ ಯಾರೂ ಮೈ ಕೊಡಲಿಲ್ಲ.

ಇನ್ನೆರಡು ಮಾತು. ಮೇಲೆ ಚೈನ್‌ಸಾ ಓಡಿಸುವ ಮುಂಚೆ ನೀನು ಎರಡು ಕಡೆ ಕಟ್ಟಿಕೊಂಡಿರಬೇಕು, ಹತ್ತುವ ಹಗ್ಗ ಒಂದು, ಸೊಂಟದ ಹಗ್ಗ ಇನ್ನೊಂದು. ಗರಗಸಕ್ಕೆ ಕೊಂಬೆ ಯಾವುದು ಹಗ್ಗ ಯಾವುದು ಗೊತ್ತಾಗಲ್ಲ. ಮತ್ತೆ, ಒಬ್ಬನೇ ಹತ್ತಬೇಡ. ಕೆಳಗೆ ಇರುವವರಲ್ಲಿ ಒಬ್ಬನಿಗಾದರೂ ಹತ್ತಿ ನಿನ್ನನ್ನು ಇಳಿಸಿಕೊಂಡು ಬರೋಕೆ ಬರಬೇಕು, ಅವನ ಹಾರ್ನೆಸ್ಸು (ಹತ್ತುವಾಗ ಸೊಂಟಕ್ಕೂ ತೊಡೆಗೂ ಕಟ್ಟಿಕೊಳ್ಳುವ ಪಟ್ಟಿ) ಗಾಡಿಯೊಳಗಲ್ಲ, ಹೊರಗೆ ಕೈಗೆ ಸಿಗುವ ಹಾಗಿರಬೇಕು. ಪ್ರಜ್ಞೆ ತಪ್ಪಿ ಹಾರ್ನೆಸ್ಸಿನಲ್ಲಿ ನೇತಾಡುವವನಿಗೆ ಒಂದೊಂದು ನಿಮಿಷವೂ ಲೆಕ್ಕ.

ನೆಲದ ಮೇಲಿನ ಕೆಲಸ, ಹನ್ನೊಂದು ವರ್ಷ:

ಅಣ್ಣ ಹೇಳಿದ್ದು ಸರಿ, ಆದರೆ ನೆಲದ ಕೆಲಸ ಅಂದರೆ ಕಲಿಯೋವರೆಗೆ ಮಾಡೋದು ಅನ್ನೋ ಹಾಗೆ ಹೇಳಿಬಿಟ್ಟರು. ನಾನು ಇಲ್ಲೇ ಇದ್ದೀನಿ, ಇಲ್ಲೇ ಇರ್ತೀನಿ.

ಮೊದಲು ತೂಕದ ಅಂದಾಜು ಕಲಿಯಿರಿ. ಅರ್ಧ ಮೀಟರ್ ದಪ್ಪ, ಒಂದು ಮೀಟರ್ ಉದ್ದದ ಹಸಿ ದಿಮ್ಮಿ ಹತ್ತಿರ ಹತ್ತಿರ 200 ಕೆಜಿ ತೂಗುತ್ತೆ. ದಪ್ಪ ಎರಡರಷ್ಟಾದರೆ ತೂಕ ನಾಲ್ಕರಷ್ಟು, ಇದು ಬಹಳ ಜನಕ್ಕೆ ಹೊಳೆಯೋದೇ ಇಲ್ಲ. ಅದೇ ದಿಮ್ಮಿ ಒಂದು ಮೀಟರ್ ಬಿದ್ದು ಹಗ್ಗಕ್ಕೆ ಜಗ್ಗಿದಾಗ ಅದರ ಹಲವು ಪಟ್ಟು ಭಾರ ಬೀಳುತ್ತೆ. ಬುಡಕ್ಕೆ ಕಟ್ಟಿದ ಉರುಳೆಗೆ ಹಗ್ಗ ಸುತ್ತಿ, ಬೀಳುವ ತುಂಡನ್ನು ಸ್ವಲ್ಪ ಓಡಲು ಬಿಟ್ಟು, ಮೆಲ್ಲಗೆ ನಿಲ್ಲಿಸೋದೇ ನನ್ನ ಕೆಲಸ. ಹೊಸದರಲ್ಲಿ ಒಮ್ಮೆ ಗಾಬರಿಗೆ ಒಂದು ಸುತ್ತು ಜಾಸ್ತಿ ಹಾಕಿ ಹಗ್ಗ ಕಚ್ಚಿ ಹಿಡಿದುಬಿಟ್ಟೆ. ದಿಮ್ಮಿ ಗಕ್ಕನೆ ನಿಂತಿತು. ನಿಂತ ಬೋಳು ಕಾಂಡ ಹಿಂದಕ್ಕೂ ಮುಂದಕ್ಕೂ ಚಾವಟಿ ಥರ ಬೀಸಿತು, ಅದರ ತುದಿಯಲ್ಲಿ ಮನುಷ್ಯ ಇದ್ದ. ಇಳಿದು ಬಂದ. ಬಯ್ಯಲಿಲ್ಲ. ಹೆಲ್ಮೆಟ್ ತೆಗೆದು ಪಕ್ಕಕ್ಕಿಟ್ಟು, ನೀರು ಕುಡಿದು, ಕಾಲು ಗಂಟೆ ಸುಮ್ಮನೆ ಕೂತ. ಬೈದಿದ್ದರೇ ವಾಸಿಯಿತ್ತು.

ಕೊಂಬೆ ನುರಿಸುವ ಯಂತ್ರ, ಚಿಪ್ಪರ್, ಅದು ಚೈನ್‌ಸಾಗಿಂತ ಕೆಟ್ಟದ್ದು ಅಂತಲೇ ನನ್ನ ಅಭಿಪ್ರಾಯ. ಅದರ ಬಾಯಿಗೆ ಎದುರು ನಿಲ್ಲಬೇಡಿ, ಪಕ್ಕಕ್ಕೆ ನಿಂತು ದಪ್ಪ ತುದಿ ಮೊದಲು ಕೊಟ್ಟು ಕೈ ಬಿಟ್ಟುಬಿಡಿ. ಚಿಕ್ಕ ಚೂರುಗಳನ್ನು ಕೈಯಿಂದ ನೂಕಬೇಡಿ, ಉದ್ದ ಕೊಂಬೆಯ ಜೊತೆ ಹೋಗುತ್ತವೆ. ಮಣಿಕಟ್ಟಿನ ಹತ್ತಿರ ಅಗಲವಾಗಿರೋ ಗ್ಲೌಸ್ ಬೇಡ. ಎಲ್ಲಕ್ಕಿಂತ ಮುಖ್ಯ, ಹತ್ತುವ ಹಗ್ಗದ ಬಾಲ ಸೊಪ್ಪಿನೊಳಗೆ ಸೇರಿಕೊಂಡಿದೆಯಾ ನೋಡಿಯೇ ಎಳೆಯಿರಿ. ಆ ಹಗ್ಗದ ಇನ್ನೊಂದು ತುದಿಗೆ ಯಾರಿದ್ದಾರೆ ಅಂತ ಹೇಳಬೇಕಾಗಿಲ್ಲ.

ಹತ್ತುವುದು ಬಿಟ್ಟು ಆರು ವರ್ಷವಾದವರು:

ಮೈ ಎಷ್ಟು ವರ್ಷ ತಡೆಯುತ್ತೆ ಅಂತ ಕೇಳಿದ್ದೀಯ. ನನ್ನದು ಹದಿನಾರು ವರ್ಷ ತಡೆಯಿತು. ಮೊದಲು ಹೋದದ್ದು ಭುಜ ಅಲ್ಲ, ಮೊಣಕಾಲೂ ಅಲ್ಲ, ಬೆರಳು. ಚಳಿಯ ಬೆಳಿಗ್ಗೆ ಎರಡು ಬೆರಳ ತುದಿ ಸುಣ್ಣದ ಹಾಗೆ ಬೆಳ್ಳಗಾಗಿ ಮರಗಟ್ಟುತ್ತಿದ್ದವು. ಬಿಸಿಯಾದ ಮೇಲೆ ಜುಮ್ಮೆಂದು ಉರಿ. ಚಳಿಗೆ ಹೀಗಾಗುತ್ತೆ ಅಂತ ಎರಡು ವರ್ಷ ತಳ್ಳಿದೆ. ಯಂತ್ರದ ನಡುಕ ಕೈಯ ನರ, ರಕ್ತನಾಳಗಳನ್ನು ಹಾಳು ಮಾಡಿದ್ದು ಅದು. ಈಗ ಅಂಗಿ ಗುಂಡಿ ಹಾಕೋಕೆ ಹೆಣಗಬೇಕು. ಮೊದಲ ಸಲ ಬೆಳ್ಳಗಾದಾಗಲೇ ಡಾಕ್ಟರ ಹತ್ತಿರ ಹೋಗು. ಒಂದೇ ಸಮ ಗರಗಸ ಹಿಡಿಯಬೇಡ, ಹಿಡಿಕೆಯ ರಬ್ಬರು ಹರಿದರೆ ಅವತ್ತೇ ಹಾಕಿಸು. ಕಿವಿಗೂ ಅಷ್ಟೇ, ಚೈನ್‌ಸಾ ಸದ್ದು 100 ಡೆಸಿಬಲ್ ದಾಟುತ್ತೆ.

ಪ್ಯಾಂಟಿನ ವಿಷಯ. ಸೆಕೆ ಅಂತ ಸುರಕ್ಷಾ ಪ್ಯಾಂಟ್ ಬಿಟ್ಟು ಬರುವವರನ್ನು ಕಂಡಿದ್ದೇನೆ. ಅದರೊಳಗೆ ಉದ್ದುದ್ದ ನೂಲಿನ ಪದರಗಳಿರುತ್ತವೆ. ಸರಪಳಿ ತಾಗಿದ ತಕ್ಷಣ ಆ ನೂಲು ಹೊರಬಂದು ಗರಗಸದ ಹಲ್ಲುಗಾಲಿಗೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತೆ. ಹತ್ತುವವರಿಗೆ ಕಾಲಿನ ಸುತ್ತಲೂ ಪದರ ಇರುವ ಸಿ ಮಾದರಿ ಬೇಕು, ಬರೀ ಮುಂಭಾಗಕ್ಕೆ ಇರುವುದು ನೆಲದವರಿಗೆ. ನನ್ನ ತೊಡೆಗೆ ಒಮ್ಮೆ ತಾಗಿದೆ. ಒಂದೇ ಕೈಯಲ್ಲಿ ಗರಗಸ ಹಿಡಿದು, ಇನ್ನೊಂದು ಕೈಯಲ್ಲಿ ಕೊಂಬೆ ಹಿಡಿದುಕೊಂಡಿದ್ದೆ. ತಪ್ಪು ನನ್ನದೇ. ಬಿಳಿ ನೂಲಿನ ಗಂಟು ಕಟ್ಟಿಕೊಂಡು ಯಂತ್ರ ನಿಂತೇಹೋಯಿತು. ಚರ್ಮದ ಮೇಲೆ ಒಂದು ಗೀರೂ ಇರಲಿಲ್ಲ. ಆ ಪ್ಯಾಂಟ್ ಮತ್ತೆ ಹಾಕೋ ಹಾಗಿಲ್ಲ, ಇಟ್ಟುಕೊಂಡಿದ್ದೇನೆ.

ಚೈನ್‌ಸಾ ಬೇಡ ಅಂದ ಅಣ್ಣನ ಮಾತು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಕೊಳ್ಳಬೇಡ, ಆದರೆ ಮೊದಲ ವಾರದಿಂದಲೇ ಸರಪಳಿಗೆ ಅರ ಹಾಕೋದು ಕಲಿ. ಹರಿತವಾಗಿದ್ದರೆ ಚಕ್ಕೆ ಬೀಳುತ್ತೆ, ಮೊಂಡಾಗಿದ್ದರೆ ಹಿಟ್ಟಿನಂಥ ಪುಡಿ ಬೀಳುತ್ತೆ. ಪುಡಿ ಕಂಡರೆ ನಿಲ್ಲಿಸಿ ಅರ ಹಾಕು. ಮೊಂಡು ಸರಪಳಿಯನ್ನು ಒತ್ತಿ ಒತ್ತಿ ಕೊಯ್ಯೋಕೆ ಹೋದಾಗಲೇ ಕೈ ಜಾರೋದು. ಸರಪಳಿ ಓಡುವ ಉದ್ದ ಪಟ್ಟಿಯ ಮೂಗಿನ, ಅಂದರೆ ತುದಿಯ, ಮೇಲ್ಭಾಗ ಎಲ್ಲಿಗೂ ತಾಗಬಾರದು, ತಾಗಿದರೆ ಗರಗಸ ಮುಖದ ಕಡೆಗೆ ಚಿಮ್ಮುತ್ತೆ.

ಸ್ವಂತ ತಂಡ ಇಟ್ಟುಕೊಂಡಿರುವವರು:

ಎಲ್ಲರೂ ಪ್ರಾಣದ ಮಾತು ಆಡಿದ್ದಾರೆ, ನಾನು ಗಿರಾಕಿಗಳ ಮಾತು ಆಡುತ್ತೇನೆ. ಹತ್ತರಲ್ಲಿ ಆರು ಜನ ಬಂದು ಕೇಳುವುದು ಒಂದೇ: "ತಲೆ ಕಡಿದುಬಿಡಿ, ಎತ್ತರ ಆಗಿದೆ." ಬೇಡ ಅನ್ನುವುದಕ್ಕೆ ಹೊಟ್ಟೆಪಾಡು ಬಿಡುವುದಿಲ್ಲ, ಅದಕ್ಕೇ ವಿವರಿಸುವುದನ್ನು ಕಲಿತೆ. ತಲೆ ಹಾರಿಸಿದ ಮರ ಸುಮ್ಮನಿರುವುದಿಲ್ಲ, ಕಡಿದ ಜಾಗದ ಸುತ್ತ ಪೊದೆಯಂತೆ ಚಿಗುರು ತಳ್ಳುತ್ತದೆ. ಆ ಚಿಗುರು ಸರಸರ ಬೆಳೆದು ಕೊಂಬೆಯಾಗುತ್ತದೆ, ಆದರೆ ಅದರ ಹಿಡಿತ ತೊಗಟೆಯ ಹತ್ತಿರದ ತೆಳು ಪದರದಲ್ಲಿ ಮಾತ್ರ. ಅದರ ಕೆಳಗೆ ಕಡಿದ ಬೊಡ್ಡೆ ಲಡ್ಡಾಗುತ್ತಿರುತ್ತದೆ. ಎತ್ತರ ಮೊದಲಿನಷ್ಟೇ ಆಗುತ್ತದೆ, ಅಪಾಯ ಮಾತ್ರ ಹೆಚ್ಚು.

ಕೊಂಬೆ ಎಲ್ಲಿ ಕೊಯ್ಯಬೇಕು ಎನ್ನುವುದನ್ನು ಸರಿಯಾಗಿ ತಿಳಿಸಿಕೊಟ್ಟವರು ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ವಿಜ್ಞಾನಿ ಅಲೆಕ್ಸ್ ಶೈಗೊ. ಅವರು ಸಾವಿರಾರು ಮರಗಳನ್ನು ಚೈನ್‌ಸಾದಿಂದ ಉದ್ದುದ್ದ ಸೀಳಿ ಒಳಗಿನ ಕೊಳೆತವನ್ನು ನೋಡಿದರು. ನಮ್ಮ ಗಾಯದ ಹಾಗೆ ಮರದ ಗಾಯ ಮಾಯುವುದಿಲ್ಲ, ಮರ ಅದರ ಸುತ್ತ ಗೋಡೆ ಕಟ್ಟಿ ಬೇರ್ಪಡಿಸುತ್ತದೆ ಎಂದು 1970ರ ದಶಕದಲ್ಲಿ ತೋರಿಸಿಕೊಟ್ಟರು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಸ್ವಲ್ಪ ಉಬ್ಬಿದ ಬಳೆಯಂಥ ಭಾಗ ಇರುತ್ತದಲ್ಲ, ಅದನ್ನು ಮುಟ್ಟದೆ ಅದರ ಹೊರಗೆ ಕೊಯ್ಯಬೇಕು. ಕಾಂಡಕ್ಕೆ ಸಮನಾಗಿ ಸವರಿ ನೀಟಾಗಿ ಕಾಣಿಸುವ ಕೆಲಸ ಮರಕ್ಕೆ ಕೇಡು. ಭಾರದ ಕೊಂಬೆಯಾದರೆ ಮೂರು ಕೊಯ್ತ: ಬುಡದಿಂದ ಒಂದೆರಡು ಗೇಣು ಆಚೆ ಕೆಳಗಿನಿಂದ ಒಂದು ಕಚ್ಚು, ಇನ್ನೂ ಸ್ವಲ್ಪ ಆಚೆ ಮೇಲಿನಿಂದ ಪೂರ್ತಿ, ಉಳಿದ ಮೋಟನ್ನು ಕೊನೆಗೆ ಆ ಬಳೆಯ ಹೊರಗೆ. ಮೊದಲ ಕಚ್ಚು ಮರೆತರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನು ಸೀಳಿಕೊಂಡೇ ಹೋಗುತ್ತದೆ. ಗಾಯಕ್ಕೆ ಡಾಂಬರು, ಬಣ್ಣ ಬಳಿಯಿರಿ ಎಂದು ಗಿರಾಕಿ ಹಟ ಹಿಡಿಯುತ್ತಾರೆ. ಅದು ಕೊಳೆಯುವುದನ್ನು ತಡೆಯುವುದಿಲ್ಲ. ಉಳಿಯಬೇಕಾದ ಮರಕ್ಕೆ ಮುಳ್ಳಿನ ಬೂಟು ಹಾಕಿ ಹತ್ತುವವನನ್ನು ನಾನು ಮರುದಿನ ಕರೆಯುವುದಿಲ್ಲ.

ತಂತಿಗೆ ತಾಗಿದ ಕೊಂಬೆ ಇದ್ದರೆ, ಲೈನ್ ನೋಡಿಕೊಳ್ಳುವವರು ಬಂದು ಕರೆಂಟ್ ತೆಗೆದ ಮೇಲೇ. ಹಸಿ ಕೊಂಬೆಯಲ್ಲೂ ಕರೆಂಟ್ ಹರಿಯುತ್ತದೆ. ಹಾಗೇ, ಸೌದೆ ಯಾರದು, ಸೊಪ್ಪು ಯಾರು ಸಾಗಿಸಬೇಕು, ಬೊಡ್ಡೆ ಕೀಳಬೇಕೋ ಬಿಡಬೇಕೋ, ಇದನ್ನೆಲ್ಲ ಕೆಲಸಕ್ಕೆ ಮೊದಲೇ ಬರೆದು ಸಹಿ ಹಾಕಿಸಿಕೊಳ್ಳಿ. ನನಗೆ ಆದ ಜಗಳಗಳೆಲ್ಲ ಬೊಡ್ಡೆಯ ಮೇಲೆಯೇ.

ಕೇಳಿದವರು:

ಎಲ್ಲರಿಗೂ ನಮಸ್ಕಾರ. ಚಿಪ್ಪರ್ ವಿಷಯ ಓದಿ ಕೈ ತಣ್ಣಗಾಯ್ತು. ಒಂದು ತಂಡದವರು ಮುಂದಿನ ವಾರದಿಂದ ನೆಲದ ಕೆಲಸಕ್ಕೆ ಬಾ ಅಂದಿದ್ದಾರೆ. ಚೈನ್‌ಸಾ ಬೇಡ ಅಂದಮೇಲೆ ಏನು ಕೊಳ್ಳಲಿ?

ಹತ್ತೊಂಬತ್ತು ವರ್ಷದಿಂದ ಹತ್ತುತ್ತಿರುವವರು:

ಒಳ್ಳೆ ಬೂಟು, ನಿನ್ನ ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್ಟು, ಒಂದು ಮಡಚುವ ಕೈಗರಗಸ. ಬೇರೆಲ್ಲ ತಂಡದವರು ಕೊಡಬೇಕು, ಕೊಡಲ್ಲ ಅಂದರೆ ಆ ತಂಡ ಬೇಡ.

ಮತ್ತೆ ಮೂರು ಮೀಟರ್ ಹಗ್ಗ. ಬೌಲೈನ್, ಕ್ಲೋವ್ ಹಿಚ್, ಪ್ರೂಸಿಕ್, ಈ ಮೂರು ಗಂಟುಗಳನ್ನು ಮನೆಯಲ್ಲಿ ಕುರ್ಚಿ ಕಾಲಿಗೆ ಹಾಕುತ್ತಾ ಕೂರು. ಕಣ್ಣು ಮುಚ್ಚಿ, ಗ್ಲೌಸ್ ಹಾಕಿ, ಒದ್ದೆ ಕೈಯಲ್ಲಿ. ಯಾರಾದರೂ ಹಳೇ ಹಗ್ಗ ಸುಮ್ಮನೆ ಕೊಡುತ್ತೇನೆ ಅಂದರೆ ಇದಕ್ಕೆ ಇಸ್ಕೋ, ಹತ್ತೋಕೆ ಬೇಡ. ಮನೆಗೆ ತಂದ ದಿನವೇ ಎರಡೂ ತುದಿಗೆ ಕೆಂಪು ಬಣ್ಣ ಬಳಿದುಬಿಡು, ಮುಂದೊಂದು ದಿನ ಅದು ಒಳ್ಳೆ ಹಗ್ಗಗಳ ಚೀಲಕ್ಕೆ ಸೇರದ ಹಾಗೆ.