ಇಂಡಿಪೆಂಡೆಂಟ್ ಆಡಿಟ್: ನೀರಿನ ಲೆಕ್ಕದ ಬೋರ್ಡಿಗೆ ಕನ್ನಡ ಪದ ಬೇಕು, ತುರ್ತು

ಮೈಸೂರಿನಿಂದ:

ಎಲ್ಲರಿಗೂ ನಮಸ್ಕಾರ. ಸಂಜೆಯೊಳಗೆ ಒಂದು ಪದ ಬೇಕು, ಬೋರ್ಡ್ ಬರೆಯುವ ಪೇಂಟರ್ ಆರು ಗಂಟೆಗೆ ಬರುತ್ತಾರೆ. ನಮ್ಮ ಬಡಾವಣೆಯ ಸಂಘ ಪಾಲಿಕೆಯ ನೀರು ಸರಬರಾಜಿನ ಹಣಕಾಸಿನ ಬಗ್ಗೆ ಬೋರ್ಡ್ ಹಾಕುತ್ತಿದೆ. ನೀರಿನ ಬಿಲ್ಲಿನಿಂದ ಬಂದ ಹಣ, ಬೆಳಗೊಳ, ಹೊಂಗಳ್ಳಿ ಕಡೆಯಿಂದ ನೀರೆತ್ತುವ ಕರೆಂಟ್ ಖರ್ಚು, ವಸೂಲಾಗದ ಬಾಕಿ, ಇವೆಲ್ಲದರ ‘ಇಂಡಿಪೆಂಡೆಂಟ್ ಆಡಿಟ್’ ಆಗಬೇಕು ಎಂದು ಹೇಳಬೇಕು. ‘ಸ್ವತಂತ್ರ ಲೆಕ್ಕಪರಿಶೋಧನೆ’ ಎಂದು ಬರೆದೆ. ಪಕ್ಕದ ಮನೆಯ ಅಜ್ಜಿ ಓದಿ, “ಸ್ವತಂತ್ರ ಅಂದ್ರೆ ಅವರಿಗೆ ಇಷ್ಟ ಬಂದ ಹಾಗೆ ಮಾಡೋದಾ?” ಅಂತ ಕೇಳಿದರು. ಆಡುಮಾತಿನಲ್ಲಿ ಆ ಅರ್ಥ ಇದೆಯಲ್ವಾ? ಬೇರೆ ಪದ ಹೇಳಿ.

ಧಾರವಾಡದಿಂದ:

‘ಲೆಕ್ಕ ತಪಾಸಣೆ’ ಎನ್ನಿ. ನಮ್ಮ ಕಡೆ ಎಲ್ಲರಿಗೂ ಗೊತ್ತು.

ಶಿವಮೊಗ್ಗದಿಂದ:

ತಪಾಸಣೆ ಮರಾಠಿಯಿಂದ ಬಂದದ್ದು. ಪರಿಶೋಧನೆ ಸಂಸ್ಕೃತ. ನಮ್ಮದೇ ಬೇರು ಇರುವಾಗ ಎರಡೂ ಯಾಕೆ? ‘ಒರೆ’ ಇದೆ. ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ ನೋಡುತ್ತೇವೆ, ಮಾತನ್ನು ಒರೆಗೆ ಹಚ್ಚುತ್ತೇವೆ. ಲೆಕ್ಕವನ್ನೂ ಹಚ್ಚೋಣ. ‘ಲೆಕ್ಕದೊರೆ’ ಎನ್ನಿ. ‘ಹೊರ ಲೆಕ್ಕದೊರೆ’ ಎಂದರೆ ಇಂಡಿಪೆಂಡೆಂಟ್ ಕೂಡ ಬಂತು.

ಹಳೆಯ ಪದ ಯಾರಿಗೂ ತಿಳಿಯುವುದಿಲ್ಲ ಎನ್ನುವವರಿಗೆ ‘ಕಡತ’ದ ಉದಾಹರಣೆ ಸಾಕು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಅದು ಕಡತ. ಆ ಬಟ್ಟೆ ಹೋಯಿತು. ಪದ ಇವತ್ತು ಪ್ರತಿ ಕಚೇರಿಯಲ್ಲೂ ಫೈಲಿನ ಹೆಸರಾಗಿ ಕೂತಿದೆ. ಒರೆಯೂ ಹಾಗೇ ಕೂರುತ್ತದೆ, ಬಳಸಿದರೆ.

ಧಾರವಾಡದಿಂದ:

‘ಲೆಕ್ಕದೊರೆ’ಯನ್ನು ಓದಿದವರು ‘ಲೆಕ್ಕದ ದೊರೆ’ ಅಂದುಕೊಳ್ಳುತ್ತಾರೆ. ಆಗುವುದಿಲ್ಲ.

ಬೆಂಗಳೂರಿನಿಂದ (ಲೆಕ್ಕಪತ್ರ ಇಲಾಖೆಯಿಂದ ನಿವೃತ್ತ):

ತಪಾಸಣೆ ಬೇಡ. ಸರ್ಕಾರಿ ಬಳಕೆಯಲ್ಲಿ ಅದು ಇನ್ಸ್‌ಪೆಕ್ಷನ್. ಮೇಲಧಿಕಾರಿ ಬಂದು ನೋಡಿ ಹೋದರೂ ತಪಾಸಣೆಯೇ. ಆಡಿಟ್ ಅಂದರೆ ಮೊದಲಿಗೆ, ಎಷ್ಟು ಬರಬೇಕು, ಎಷ್ಟು ಬಂತು, ಎಷ್ಟು ಉಳಿದಿದೆ ಎಂದು ಬರೆಯುವ ‘ಬೇಡಿಕೆ, ವಸೂಲಿ, ಬಾಕಿ ವಹಿ’ಯ ಮೊತ್ತವನ್ನು ನಗದು ವಹಿಯ ಜೊತೆ, ನಗದು ವಹಿಯನ್ನು ಬ್ಯಾಂಕ್ ಪಾಸ್‌ಬುಕ್ಕಿನ ಜೊತೆ ತಾಳೆ ಹಾಕುವುದು. ತಾಳೆ ಆಗದಿದ್ದರೆ ಆಡಿಟ್ ಪ್ಯಾರಾ, ಅಂದರೆ ವರದಿಯಲ್ಲಿ ಆಕ್ಷೇಪಣೆ, ಬೀಳುತ್ತದೆ. ಕಚೇರಿಯವರು ಅದಕ್ಕೆ ಉತ್ತರವಾಗಿ ಅನುಪಾಲನಾ ವರದಿ ಕೊಡಬೇಕು. ಇದಕ್ಕೆಲ್ಲ ‘ಲೆಕ್ಕಪರಿಶೋಧನೆ’ ನಿಂತ ಪದ. ಅದನ್ನು ಅಲ್ಲಾಡಿಸಬೇಡಿ.

ತೊಡಕಿರುವುದು ‘ಇಂಡಿಪೆಂಡೆಂಟ್’ನಲ್ಲಿ. ‘ಆಂತರಿಕ’ಕ್ಕೆ ಎದುರಾಗಿ ‘ಬಾಹ್ಯ’ ಎಂದು ಬರೆದುಬಿಡುತ್ತಾರೆ. ಅದು ತಪ್ಪು. ಹೊರಗಿನ ಸಿಎ ಒಬ್ಬರನ್ನು ಸಂಸ್ಥೆಯೇ ಆರಿಸಿ, ಸಂಸ್ಥೆಯೇ ಶುಲ್ಕ ಕೊಟ್ಟು, ಮುಂದಿನ ವರ್ಷ ಅವರನ್ನು ಇಟ್ಟುಕೊಳ್ಳುವುದೋ ಬಿಡುವುದೋ ಸಂಸ್ಥೆಯೇ ನಿರ್ಧರಿಸಿದರೆ, ಅವರು ಬಾಹ್ಯರೇ. ಆದರೆ ಹಂಗಿನವರು. ಸಿಎಜಿ, ಅಂದರೆ ಸರ್ಕಾರಗಳ ಲೆಕ್ಕ ನೋಡುವ ಮಹಾಲೆಕ್ಕಪರಿಶೋಧಕರ ಸ್ಥಾನ ನೋಡಿ. ಸಂವಿಧಾನದ 148ನೇ ವಿಧಿಯ ಪ್ರಕಾರ ಅವರನ್ನು ತೆಗೆಯಬೇಕಾದರೆ ಸುಪ್ರೀಂ ಕೋರ್ಟ್ ನ್ಯಾಯಾಧೀಶರನ್ನು ತೆಗೆಯುವ ಕ್ರಮವೇ ಬೇಕು. ರಾಜ್ಯದ ಲೆಕ್ಕದ ಮೇಲಿನ ವರದಿ 151ನೇ ವಿಧಿಯಂತೆ ರಾಜ್ಯಪಾಲರ ಮೂಲಕ ಶಾಸನಸಭೆಗೆ ಹೋಗುತ್ತದೆ. ಯಾರ ಲೆಕ್ಕ ನೋಡುತ್ತಾರೋ ಅವರ ಕೈಯಲ್ಲಿ ಇವರ ಕುರ್ಚಿ ಇರಬಾರದು. ಇಂಡಿಪೆಂಡೆಂಟ್ ಎಂದರೆ ಅಷ್ಟೇ.

ಹಾಗಾಗಿ ಒಂದೇ ಪದಕ್ಕೆ ಹಟ ಹಿಡಿಯಬೇಡಿ. ‘ಪಾಲಿಕೆಯ ಹಂಗಿಲ್ಲದವರಿಂದ ಲೆಕ್ಕಪರಿಶೋಧನೆ’ ಎಂದು ಬರೆಯಿರಿ. ಆ ಅಜ್ಜಿಗೂ ತಿಳಿಯುತ್ತದೆ.

ಶಿವಮೊಗ್ಗದಿಂದ:

ಪದ ಕೇಳಿದರೆ ವಾಕ್ಯ ಕೊಡುತ್ತೀರಿ. ಕನ್ನಡ ಸೋಲುವುದೇ ಇಲ್ಲಿ.

ಧಾರವಾಡದಿಂದ:

ಸೋಲು ಎಲ್ಲಿ ಬಂತು? ಬಾಕಿ, ವಸೂಲಿ, ನಗದು, ಜಮಾ, ಖರ್ಚು, ರಸೀದಿ, ಇವುಗಳಲ್ಲಿ ಯಾವುದು ನಮ್ಮಲ್ಲೇ ಹುಟ್ಟಿದ್ದು? ಎಲ್ಲ ಪಾರ್ಸಿ, ಅರಬ್ಬಿಯಿಂದ ಬಂದು ಮನೆಯವರಾಗಿವೆ. ಸಿಎಗೆ ‘ಸನ್ನದು ಲೆಕ್ಕಪರಿಶೋಧಕ’ ಎನ್ನುತ್ತೇವೆ. ಸನ್ನದು ಅರಬ್ಬಿ, ಪರಿಶೋಧಕ ಸಂಸ್ಕೃತ. ಯಾರಿಗೂ ತೊಂದರೆ ಆಗಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಜನರೆದುರು ಲೆಕ್ಕ, ಕಾಮಗಾರಿ ನೋಡುವುದಕ್ಕೆ ‘ಜಮಾಬಂದಿ’ ಎನ್ನುತ್ತಾರೆ. ಹಳ್ಳಿಯವರು ಅದನ್ನು ಕನ್ನಡ ಅಂತಲೇ ಬಳಸುತ್ತಾರೆ. ಆಡಿಟ್ ಕೂಡ ಹಾಗೇ ಬಂದಾಗಿದೆ. ಸುಮ್ನೆ ಬೇರು ಹುಡುಕುತ್ತಾ ಕೂತರೆ ಪೇಂಟರ್ ಎದ್ದು ಹೋಗುತ್ತಾರೆ.

ಶಿವಮೊಗ್ಗದಿಂದ:

ಬಂದದ್ದನ್ನೆಲ್ಲ ಕನ್ನಡ ಎಂದರೆ ಪದ ಕಟ್ಟುವ ಕೆಲಸವೇ ನಿಲ್ಲುತ್ತದೆ. ‘ತಾಳೆ ಹಾಕುವುದು’ ಎಂದು ಈಗ ತಾನೇ ಇಲ್ಲೇ ಬರೆದರಲ್ಲ, ಅದರಿಂದ ಕಟ್ಟಬಹುದಿತ್ತು. ಯಾರಿಗೂ ಹೊಳೆಯಲಿಲ್ಲ.

ಬೆಂಗಳೂರಿನಿಂದ:

ತಾಳೆ ಹಾಕುವುದು ಆಡಿಟ್‌ನ ಒಂದು ಭಾಗ ಮಾತ್ರ. ಎರಡು ವಹಿಯ ಮೊತ್ತ ತಾಳೆಯಾದರೂ ಖರ್ಚು ನಿಯಮದಂತೆ ಆಗಿದೆಯೇ ಎಂದು ನೋಡಬೇಕು. ಟೆಂಡರ್ ಕರೆಯದೆ ಪಂಪ್ ಕೊಂಡಿದ್ದರೆ ಮೊತ್ತ ಸರಿಯಾಗಿಯೇ ಕೂಡುತ್ತದೆ, ಪ್ಯಾರಾ ಮಾತ್ರ ಬೀಳುತ್ತದೆ.

ಮೈಸೂರಿನಿಂದ:

ಎಲ್ಲರಿಗೂ ಧನ್ಯವಾದ. ಬೋರ್ಡಿನ ಅಗಲಕ್ಕೆ ‘ಲೆಕ್ಕಪರಿಶೋಧನೆ’ ಹಿಡಿಸಲಿಲ್ಲ. ಅಕ್ಷರ ಚಿಕ್ಕದಾದರೆ ರಸ್ತೆಯಿಂದ ಕಾಣುವುದಿಲ್ಲ. ಕೊನೆಗೆ ಹೀಗೆ ಬರೆಸಿದೆವು: ‘ನಮ್ಮ ನೀರಿನ ಲೆಕ್ಕ. ಪಾಲಿಕೆಯ ಹಂಗಿಲ್ಲದವರಿಂದ ಆಡಿಟ್ ಆಗಲಿ. ವರದಿ ನಮಗೂ ಸಿಗಲಿ.’ ಆಯುಕ್ತರಿಗೆ ಕೊಡುವ ಮನವಿಯಲ್ಲಿ ‘ಲೆಕ್ಕಪರಿಶೋಧನೆ’ ಎಂದೇ ಇದೆ.

ಶಿವಮೊಗ್ಗದಿಂದ:

‘ಹಂಗಿಲ್ಲದವರು’ ಚೆನ್ನಾಗಿದೆ. ‘ಆಡಿಟ್’ಗೆ ನನ್ನ ಒಪ್ಪಿಗೆ ಇಲ್ಲ.